ಬಾರ್ಟ್ಲಿಯ ಹೊಲ, ಡೀಲಿಯಾಳ ಕುದುರೆ

ಡೀಲಿಯಾ ಮ್ಯಾನಿಯನ್ ಹುಟ್ಟಿದ್ದು ಕುದುರೆಗಳ ಸೀಮೆಯಲ್ಲಿ, ಬೆಳೆದದ್ದು ಕುದುರೆಯಿಲ್ಲದ ಮನೆಯಲ್ಲಿ. ಐರ್ಲೆಂಡಿನ ಪಡುವಣದ ಕನ್ನೆಮಾರಾದ ಕಡಲಂಚಿನಲ್ಲಿ ಆಗಿನ ಕಾಲಕ್ಕೆ ಅದು ಸಣ್ಣ ಮಾತಲ್ಲ. ತಟ್ಟುಕುದುರೆ ಇದ್ದವರ ಮನೆಗೆ ಕಡಲಸೊಪ್ಪು, ಒಲೆಗೆ ಹಾಕುವ ಜೌಗುಮಣ್ಣಿನ ಹೆಂಟೆ, ಆಲೂಗಡ್ಡೆ ಚೀಲ ಎಲ್ಲವೂ ತಟ್ಟಿನ ಬೆನ್ನೇರಿ ಬರುತ್ತಿದ್ದವು. ಇಲ್ಲದವರ ಮನೆಗೆ ಹೆಂಗಸರ ಬೆನ್ನೇರಿ ಬರುತ್ತಿದ್ದವು. ಲಂಗ ಹಾಕುವ ವಯಸ್ಸಿನಲ್ಲೇ ಡೀಲಿಯಾಳ ಹೆಗಲಿನ ಮೇಲೆ ಬುಟ್ಟಿಯ ಹಗ್ಗ ಗುರುತು ಕೊರೆದಿತ್ತು. ಕೊನೆಗೂ ಆ ಗುರುತು ಮಾಸಲಿಲ್ಲ.

ಬುಟ್ಟಿ ಹೊರಲಾರದೆ ಲಂಡನ್ನಿಗೆ ಹೋದಳು. ಅಲ್ಲಿ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಬೇರೆಯವರು ಮಲಗೆದ್ದ ಹಾಸಿಗೆಯ ಬಟ್ಟೆ ಒಗೆದಳು. ಯೌವನ ಹಬೆಯಲ್ಲೇ ಕಳೆಯಿತು. ಅಮ್ಮ ಸತ್ತಾಗ ಮಣ್ಣಿಗೆಂದು ಬಂದವಳು ಬಾರ್ಟ್ಲಿಯನ್ನು ಕಂಡಳು, ಮತ್ತೆ ಹಡಗು ಹತ್ತಲಿಲ್ಲ. ಬಾರ್ಟ್ಲಿ ಮಾತು ಕಡಿಮೆಯ, ಮೂಳೆ ಗಟ್ಟಿಯ ಮನುಷ್ಯ. ಮದುವೆಯ ದಿನ ಅವಳ ಹೆಗಲಿನ ಗುರುತು ನೋಡಿ, "ನನ್ ಮನೇಲಿ ನಿನ್ ಬೆನ್ ಮೇಲೆ ಬುಟ್ಟಿ ಕೂರಲ್ಲ, ಡೀಲಿಯಾ" ಅಂದ. ಆಡಿದ ಮಾತಿಗೆ ತಪ್ಪಲಿಲ್ಲ.

ಅವನ ಪಾಲಿಗೆ ಬಂದಿದ್ದ ನೆಲವೆಂದರೆ ಮನೆಯ ಹಿಂದಿನ ಬರೀ ಬಂಡೆ. ಕಾಗೆ ಕೂತರೂ ಕಾಲು ನೋಯುವಂಥದ್ದು. ಬಾರ್ಟ್ಲಿ ಅದನ್ನು ಹೊಲ ಮಾಡಲು ಹೊರಟ. ಕಡಲಿಂದ ಸೊಪ್ಪು ಹೊತ್ತು ತಂದು ಹರಡಿದ, ದಂಡೆಯಿಂದ ಮರಳು ಹೊತ್ತು ತಂದು ಸುರಿದ, ಜೌಗಿನಿಂದ ಮಣ್ಣು ಹೊತ್ತು ತಂದು ಬೆರೆಸಿದ. ಒಲೆಯ ಬೂದಿ, ಮೀನಿನ ತಲೆ, ಹಳೇ ಕಂಬಳಿಯ ಚೂರು ಯಾವುದನ್ನೂ ಬಿಡದೆ ಹೊಲಕ್ಕೆ ಉಣಿಸಿದ. ಗಾಳಿ ಒಯ್ದದ್ದನ್ನು ಮರುವರ್ಷ ಮತ್ತೆ ಹೊತ್ತು ತಂದ. ಅವರಿಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಹೊಲ ಮಾತ್ರ ವರ್ಷ ವರ್ಷಕ್ಕೆ ಅಂಗೈಯಗಲ ಬೆಳೆಯುತ್ತ ಹೋಯಿತು. "ಹುಲ್ಲು ಮೊಣಕಾಲು ಮುಟ್ಲಿ. ನಿಂಗೊಂದು ತಟ್ಟು ತಂದು ಅದರ ನಡೂಮಧ್ಯ ನಿಲ್ಲಿಸ್ತೀನಿ" ಅನ್ನುತ್ತಿದ್ದ. ಹುಲ್ಲು ಮೊಣಕಾಲು ಮುಟ್ಟಿದ ಬೇಸಿಗೆಯಲ್ಲಿ ಬಾರ್ಟ್ಲಿ ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತವನು ಏಳಲಿಲ್ಲ.

ಅವನ ಮಾತನ್ನು ತಾನೇ ನಡೆಸಬೇಕೆಂದು ಡೀಲಿಯಾ ಆ ಶರತ್ಕಾಲದಲ್ಲಿ ಬೆಟ್ಟದ ಮೇಲಿನ ಫೆಸ್ಟಿಯ ಮನೆಗೆ ನಡೆದಳು. ಫೆಸ್ಟಿ ತಲೆತಲಾಂತರದಿಂದ ತಟ್ಟು ಸಾಕಿದ ಮನೆತನದವನು. ಅವನು ತೋರಿಸಿದ್ದು ಬೂದುಬಣ್ಣದ ಹೆಣ್ಣು, ಹೆಸರು ಸಿಸ್ಸಿ. ಗಿಡ್ಡ ಕಾಲು, ಅಗಲ ಎದೆ, ಎದುರಿಗಿದ್ದವರ ಜೇಬಿನಲ್ಲಿ ಏನಿದೆಯೆಂದು ಲೆಕ್ಕ ಹಾಕುವ ಕಣ್ಣು. ಅಂಗೈಗೆ ಉಗುಳಿ ಕೈ ತಟ್ಟಿ ವ್ಯಾಪಾರ ಮುಗಿದ ಮೇಲೆ ಫೆಸ್ಟಿ ಹಗ್ಗವನ್ನು ಅವಳ ಕೈಗೆ ಕೊಡದೆ ಹಿಡಿದೇ ನಿಂತ.

"ಒಂದು ಮಾತು ಕೇಳ್ಕೋ ತಾಯಿ. ಇದು ಅಗಳಿ ತೆಗೀತೈತೆ, ಗೋಡೆ ಹಾರ್ತೈತೆ, ಮಳೇಲಿ ನಿಂತು ಕೊಟ್ಟಿಗೆ ಕಡೆ ತಿರುಗೂ ನೋಡಲ್ಲ. ಅದಕ್ಕೆಲ್ಲ ಹೆದರ್ಬೇಡ. ಕನಿಕರ ಒಂದು ತೋರಿಸ್ಬೇಡ. ಬಂಡೆ ಮೇಲೆ ಹುಟ್ಟಿದ್ದು, ಬಂಡೆ ಮೇಲೇ ಬಿಡು."

"ಅದೇನು ಮಾತು ಫೆಸ್ಟಿ! ಮನೆಗೆ ಕರ್ಕೊಂಡೋಗಿ ಉಪವಾಸ ಕೆಡವ್ಲಾ?"

"ಉಪವಾಸ ಅಲ್ಲ ಕಣೇ, ಅದರ ಊಟಾನೇ ಅದು."

ಚಹಾಕ್ಕೆ ಹಾಲು ಹಾಕಲೂ ಕೈ ಹಿಡಿಯುವ ಜಿಪುಣ, ಕುದುರೆಗೆ ಇನ್ನೇನು ಹಾಕಿಯಾನು ಎಂದುಕೊಂಡು ಡೀಲಿಯಾ ಹಗ್ಗ ಕಿತ್ತುಕೊಂಡಳು.

ಸಿಸ್ಸಿಯನ್ನು ಬಾರ್ಟ್ಲಿಯ ಹೊಲಕ್ಕೆ ಬಿಟ್ಟಾಗ ಅದು ಮೊದಲು ಬೆದರಿತು. ಗೊರಸಿನ ಕೆಳಗೆ ಕಲ್ಲು ತಾಕದೆ ಹೆಜ್ಜೆ ಎತ್ತಿ ಎತ್ತಿ ಇಟ್ಟಿತು. ಆಮೇಲೆ ತಲೆ ಬಗ್ಗಿಸಿತು, ಚಳಿಗಾಲ ಮುಗಿಯುವವರೆಗೂ ಎತ್ತಲಿಲ್ಲ ಎನ್ನಬೇಕು. ಫೆಸ್ಟಿ ಹೇಳಿದಂತೆ ಅಗಳಿ ತೆಗೆಯಿತು, ಒಗೆದು ಹಾಕಿದ್ದ ಬಟ್ಟೆ ಮೆದ್ದಿತು, ಬಿರುಮಳೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತಿತು. ಕೊಟ್ಟಿಗೆಗೆ ಎಳೆಯಹೋದ ಡೀಲಿಯಾಳೇ ನೆನೆದು ತೊಪ್ಪೆಯಾದಳು. ಅವಳು ಹಲ್ಲು ಕಚ್ಚಿ ಬೈದಳು, ಬೈಯುತ್ತಲೇ ಓಟ್ಸ್ ಬೇಯಿಸಿದಳು. ಸಂಜೆ ಅದರ ಕತ್ತಿಗೆ ಒರಗಿ ನಿಂತರೆ ಒಳಗಿನಿಂದ ಬರುವ ಬಿಸಿ ಅವಳಿಗೆ ಬೇಕಾಗಿತ್ತು.

ಮೇ ತಿಂಗಳ ಎಳೆ ಹುಲ್ಲು ಎದ್ದಾಗ ಸಿಸ್ಸಿ ಉರುಟಾಗಿ ಮಿರುಗುತ್ತಿತ್ತು. ಪಕ್ಕದ ಮನೆಯ ಸಬೀನಾ ಗೋಡೆಯ ಮೇಲೆ ಮೊಣಕೈ ಊರಿ ನೋಡಿದಳು. ಸಬೀನಾ ಹಸು ಸಾಕಿದವಳು. ನಾಲಿಗೆಗೆ ಅಗಳಿ ಇಲ್ಲದ ಹೆಂಗಸು.

"ಇದೇನೇ ಡೀಲಿಯಾ, ಪಾದ್ರಿ ಥರ ಊದ್ಕೊಂಡೈತೆ! ಬೆನ್ ಮೇಲೆ ಚಹಾದ ಬಟ್ಲು ಇಟ್ರೂ ತುಳುಕಲ್ಲ" ಎಂದು ನಕ್ಕು ತನ್ನ ಹಸುಗಳ ಕಡೆ ಹೊರಟುಹೋದಳು.

ಜೀವವಿರುವ ಯಾವುದನ್ನು ಹೊಗಳಿದರೂ ಬೆನ್ನಿಗೇ 'ದೇವರು ಕಾಯಲಿ' ಅನ್ನಬೇಕು. ಅನ್ನದೆ ಹೋದರೆ ಕಣ್ಣು ತಗಲುತ್ತದೆ. ಮಗುವಿಗಾಗಲಿ ಕರುವಿಗಾಗಲಿ ಅಲ್ಲಿ ಇದೇ ಕಟ್ಟಳೆ. ಸಬೀನಾ ಅಂದಿರಲಿಲ್ಲ. ಡೀಲಿಯಾ ಅದನ್ನು ಗಮನಿಸಿದಳು, ನುಂಗಿಕೊಂಡಳು.

ಆ ವಾರವೇ ಒಂದು ಬೆಳಗ್ಗೆ ಸಿಸ್ಸಿ ಗೋಡೆಯ ಬಳಿಗೆ ಬರಲಿಲ್ಲ. ಹೊಲದ ನಡುಮಧ್ಯ, ಬಾರ್ಟ್ಲಿ ಹೇಳುತ್ತಿದ್ದ ಜಾಗದಲ್ಲೇ, ಮುಂಗಾಲು ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಇಳಿಜಾರಿನಲ್ಲಿ ಗಾಡಿ ತಡೆದು ನಿಂತಂತೆ ನಿಂತಿತ್ತು. ಡೀಲಿಯಾ ಹಗ್ಗ ಎಳೆದಳು. ಅದು ಒಂದು ಹೆಜ್ಜೆ ಇಡಲು ನರಳಿತು. ಅವಳು ಹಗ್ಗ ಬಿಟ್ಟು ನೇರ ಸಬೀನಾಳ ಅಡಿಗೆಮನೆಗೆ ನುಗ್ಗಿದಳು.

"ಬಾ, ನಿನ್ ಕಣ್ಣನ್ನ ನೀನೇ ತೆಗಿ."

ಸಬೀನಾಳ ಕೈ ತುಂಬ ಬ್ರೆಡ್ಡಿನ ಹಿಟ್ಟು. "ಯಾವ ಕಣ್ಣೇ?"

"ಗೊತ್ತಿಲ್ದೋಳ ಥರ ಆಡ್ಬೇಡ. ನೋಡಿ ನಕ್ಕೆ, ಹೊಗಳ್ದೆ, ದೇವರ ಹೆಸರೆತ್ತದೆ ಹೋದೆ. ಕುದುರೆ ಕಾಲು ಕಿತ್ತಿಡಕ್ಕಾಗ್ದೆ ನಿಂತೈತೆ."

"ನಾನು ಹೊಗಳಿದ್ನಾ? ಊದ್ಕೊಂಡೈತೆ ಅಂದೆ. ನಿಂಗೆ ಅದು ಹೊಗಳಿಕೆ ಥರ ಕೇಳಿಸ್ತಾ?" ಸಬೀನಾಳ ಮುಖ ಕೆಂಪಾಯಿತು. ಕರೆದರೆ ಬರಲೇಬೇಕಾದ ಕರೆ ಅದು. ಬರದವಳು ಬೇಕೆಂದೇ ಕಣ್ಣು ಹಾಕಿದವಳೆನಿಸಿಕೊಳ್ಳುತ್ತಾಳೆ. ಅವಳು ಹಿಟ್ಟಿನ ಕೈಯಲ್ಲೇ ಬಂದು, ಸಿಸ್ಸಿಯ ನೆತ್ತಿ ಮುಟ್ಟಿ "ದೇವರು ಕಾಯಲಿ" ಎಂದು, ಕಟ್ಟಳೆಯಂತೆ ಅದರ ಮೈಮೇಲೆ ಉಗುಳಿದಳು. "ಆಯ್ತಾ? ಇನ್ ಮೇಲೆ ನಿನ್ ಗೋಡೆ ಕಡೆ ಮುಖ ಹಾಕಿದ್ರೆ ಕೇಳು" ಎಂದು ಹೊರಟವಳು ಸಿಸ್ಸಿಯ ಕಾಲುಗಳನ್ನು ಒಮ್ಮೆ ತಿರುಗಿ ನೋಡಿದಳು.

ಸಬೀನಾಳ ಹಾರೈಕೆಗೆ ಫಲ ಬರಲೆಂದು ಡೀಲಿಯಾ ಕಾದಳು. ಕುದುರೆ ನಡೆದು ಮೇಯಲಾರದು, ಹಸಿದೀತು ಎಂದು ಕುಡುಗೋಲು ಹಿಡಿದು ಹೊಲದ ಎಳೆಯ, ಹಸಿರಾದ ಹುಲ್ಲನ್ನೇ ಆರಿಸಿ ಕೊಯ್ದು ಅದರ ಬಾಯಿಗೆ ಹಿಡಿದಳು. ಅದು ತಿಂದಿತು. ತಿಂದಷ್ಟೂ ಕೊಟ್ಟಳು. ಮರುದಿನ ಅದು ಕುಸಿದು ಮಲಗಿತು, ಮಲಗಿದಲ್ಲೇ ತಿನ್ನಿಸಿದಳು.

ಫೆಸ್ಟಿಗೆ ಹೇಳಿಕಳಿಸಿದವಳು ಸಬೀನಾ. ಮುದುಕ ಬೆಟ್ಟ ಇಳಿದು ಬಂದು, ಮಲಗಿದ್ದ ಕುದುರೆಯನ್ನೂ ಅದರ ಮೂತಿಯ ಮುಂದೆ ರಾಶಿ ಬಿದ್ದಿದ್ದ ಹುಲ್ಲನ್ನೂ ನೋಡಿದ. ಬೈಯಲಿಲ್ಲ. ಬೈದಿದ್ದರೆ ಡೀಲಿಯಾಳಿಗೆ ಸುಲಭವಾಗುತ್ತಿತ್ತು.

"ಎಲ್ಲೀದು ಈ ಹುಲ್ಲು?"

"ಬಾರ್ಟ್ಲಿ ಹೊಲದ್ದು. ಇದಕ್ಕಿಂತ ಒಳ್ಳೇ ಹುಲ್ಲು ಈ ಕಡಲ ಕರೇಲಿಲ್ಲ."

"ಇಲ್ಲ. ಅದು ನಿಜ." ಫೆಸ್ಟಿ ತಲೆಯ ಟೋಪಿ ತೆಗೆದ. "ಸಬೀನಾ ಕಣ್ಣು ಬಿತ್ತು ಅಂದ್ಯಂತೆ."

"ಅವಳು ದೇವರ ಹೆಸರು ಹೇಳ್ಲಿಲ್ಲ."

"ಸಬೀನಾ ಕಣ್ಣಿಗೆ ಅಷ್ಟು ಕಸುವಿದ್ದಿದ್ರೆ ಅವಳ ಗಂಡ ಇಷ್ಟು ವರ್ಷ ಬದುಕ್ತಿದ್ನಾ?" ಆದರೆ ಅವನು ನಗಲಿಲ್ಲ. ಡೀಲಿಯಾಳ ಕೈ ಹಿಡಿದು ಕುದುರೆಯ ಗೊರಸಿನ ಮೇಲೆ ಇಡಿಸಿದ. ಒಲೆಯಿಂದ ಈಗ ಇಳಿಸಿದ ಕೆಟಲಿನಂತೆ ಸುಡುತ್ತಿತ್ತು. "ಇದಕ್ಕೆ ತಗಲಿರೋದು ಹೊಲ, ಡೀಲಿಯಾ. ಕಲ್ಲಿನ ಸಂದಿಯ ನಾಲ್ಕೆಸಳು ಹುಲ್ಲಿಗೆ ಆಗಿರೋ ಹೊಟ್ಟೆ ಇದು. ಕೊಬ್ಬಿದ ಹುಲ್ಲು ತಿಂದ್ರೆ ಅದು ಗೊರಸಿನೊಳಗೆ ಬೆಂಕಿಯಾಗ್ತೈತೆ."

ಡೀಲಿಯಾ ಕೈ ಹಿಂತೆಗೆಯಲಿಲ್ಲ. "ನಾನೇ ಕೊಯ್ದು ಬಾಯಿಗಿಟ್ಟೆ" ಅಂದಳು.

ಪೇಟೆಯಿಂದ ಬಂದ ದನದ ಡಾಕ್ಟರು ಸೂಜಿ ಚುಚ್ಚಿದರು, ಫೆಸ್ಟಿ ಹೇಳಿದ್ದನ್ನೇ ಹೇಳಿದರು. ಗೊರಸಿನೊಳಗಿನ ಮೂಳೆ ಜಾರಿ ಅಂಗಾಲು ತೂತು ಮಾಡಿಕೊಂಡು ಬಂದರೆ ಗುಂಡು ಹಾರಿಸುವುದೇ ಧರ್ಮ ಎಂದರು. ಜಾರದೆ ಉಳಿಯಬೇಕಾದರೆ ಅದು ಮೆತ್ತಗಿನ, ಆಳವಾದ ಮರಳಿನಲ್ಲಿ ನಿಲ್ಲಬೇಕು. ಹಸಿ ಹುಲ್ಲು ಒಂದೆಸಳೂ ಕೂಡದು.

ಕೊಟ್ಟಿಗೆಯ ನೆಲ ಸಿಮೆಂಟಿನದು. ಮರಳಿರುವುದು ಕೆಳಗೆ, ಕಡಲ ದಂಡೆಯಲ್ಲಿ. ಅಲ್ಲಿಗೆ ಗಾಡಿಯ ದಾರಿ ಇಲ್ಲ, ಬಂಡೆಗಳ ನಡುವಿನ ಕಾಲುದಾರಿ ಮಾತ್ರ. ಡೀಲಿಯಾ ಕೊಟ್ಟಿಗೆಯ ಗೋಡೆಯಲ್ಲಿ ತೂಗುತ್ತಿದ್ದ ಬಾರ್ಟ್ಲಿಯ ಬುಟ್ಟಿಯನ್ನು ಇಳಿಸಿದಳು. ಅದರ ಹಗ್ಗ ಅವನ ಬೆವರಿನಿಂದ ಕಪ್ಪಾಗಿತ್ತು. 'ನಿನ್ ಬೆನ್ ಮೇಲೆ ಬುಟ್ಟಿ ಕೂರಲ್ಲ' ಅಂದವನು ಮಣ್ಣಿನಲ್ಲಿದ್ದ. ಹಳೇ ಗುರುತಿನ ಮೇಲೇ ಹಗ್ಗ ಬಂದು ಕೂತಿತು, ಜಾಗ ಗೊತ್ತಿದ್ದಂತೆ.

ಒದ್ದೆ ಮರಳಿನ ಭಾರ ಹೊತ್ತವರಿಗೇ ಗೊತ್ತು. ದಾರಿಯ ತಿರುವಿನಲ್ಲಿ ಒಂದು ಬಂಡೆ, ಸೊಂಟದೆತ್ತರಕ್ಕೆ, ಒಂದು ಕಡೆ ಸವೆದು ನುಣುಪಾಗಿತ್ತು. ಬುಟ್ಟಿ ಆನಿಸಿ ಉಸಿರು ಬಿಡಲು ಅವಳು ಅಲ್ಲಿ ನಿಂತಾಗ, ಆ ನುಣುಪು ಯಾತರಿಂದ ಬಂತೆಂದು ತಿಳಿಯಿತು. ಅವನೂ ಇಲ್ಲೇ ನಿಲ್ಲುತ್ತಿದ್ದ. ಮನೆಗೆ ಬಂದವನು ಚಹಾ ಕುಡಿಯುತ್ತ "ಇವತ್ತು ಗಾಳಿ ಜೋರು" ಅಂತಷ್ಟೇ ಹೇಳುತ್ತಿದ್ದ. ಅಷ್ಟು ವರ್ಷದಲ್ಲಿ ಬೆನ್ನು ನೋಯುತ್ತದೆ ಎಂದು ಒಂದು ಸಲವೂ ಅಂದಿರಲಿಲ್ಲ. ತಾನೂ ಕೇಳಿರಲಿಲ್ಲ. ತಟ್ಟು ಇಲ್ಲದ್ದಕ್ಕೆ ಅವನು ತಟ್ಟಿನ ಕೆಲಸ ಮಾಡಿ ಹೊಲ ಎಬ್ಬಿಸಿದ್ದ. ತಟ್ಟು ಬಂದಾಗ ಆ ಹೊಲ ಅದಕ್ಕೆ ವಿಷ. ಡೀಲಿಯಾ ಬಂಡೆಗೆ ಹಣೆ ಹಚ್ಚಿ ನಿಂತಳು. ಆಮೇಲೆ ಬುಟ್ಟಿ ಏರಿಸಿ ನಡೆದಳು.

ಮಧ್ಯಾಹ್ನ ಹಿಂದಿನಿಂದ ಯಾರದೋ ಏದುಸಿರು ಕೇಳಿ ತಿರುಗಿದರೆ, ಸಬೀನಾ, ತನ್ನ ಬುಟ್ಟಿ ಹೊತ್ತು.

"ನೀನ್ಯಾಕೆ?"

"ನಾನು ಹಾಕಿದ್ ಕಣ್ಣಲ್ವಾ, ನಾನೇ ಹೊರಬೇಡ್ವಾ? ನಡಿ ಮುಂದೆ, ದಾರಿಗೆ ಅಡ್ಡ ನಿಂತ್ಕೋಬೇಡ."

"ಸಬೀನಾ, ನಾನು..."

"ಉಸಿರು ಉಳಿಸ್ಕೋ. ಏರಿ ಇನ್ನೂ ಐತೆ."

ಗೊರಸು ಮುಳುಗುವಷ್ಟು ಮರಳು ತುಂಬಿತು. ಫೆಸ್ಟಿ, ಸಬೀನಾ, ಸಬೀನಾಳ ಗಂಡ ಸೇರಿ ಸಿಸ್ಸಿಯನ್ನು ಎಬ್ಬಿಸಿ, ಹೆಜ್ಜೆಹೆಜ್ಜೆಗೆ ನಿಲ್ಲಿಸಿ ಕೊಟ್ಟಿಗೆಗೆ ಸೇರಿಸಿದರು. ಮರಳಿಗೆ ಕಾಲಿಟ್ಟ ಕುದುರೆ ನಿಟ್ಟುಸಿರು ಬಿಟ್ಟಿತು. ಡೀಲಿಯಾ ನೀರಲ್ಲಿ ನೆನೆಹಾಕಿ ಸತ್ವ ಇಳಿಸಿದ ಒಣಹುಲ್ಲನ್ನು ಹಿಡಿಯಷ್ಟು ಇಟ್ಟಳು. ಹಸಿದ ಕುದುರೆ ಬಾಗಿಲಿಗೆ ಒದ್ದು ಕೆನೆಯಿತು. ಪಕ್ಕದಲ್ಲೇ ಹೊಲ ಹಸಿರು ಕಕ್ಕುತ್ತಿತ್ತು. ಕೊಡದೆ ಇರುವುದು ಕೊಡುವುದಕ್ಕಿಂತ ಕಷ್ಟವೆಂದು ಆ ಬೇಸಿಗೆ ಅವಳಿಗೆ ಕಲಿಸಿತು. ಕೆನೆತ ಕೇಳಲಾರದೆ ಎಷ್ಟೋ ಸಲ ಕಿವಿ ಮುಚ್ಚಿಕೊಂಡು ಕೂತಳು, ಎದ್ದು ಮಾತ್ರ ಹೋಗಲಿಲ್ಲ.

ಮೂಳೆ ಜಾರಲಿಲ್ಲ. ಶರತ್ಕಾಲಕ್ಕೆ ಸಿಸ್ಸಿ ಕುಂಟುತ್ತ ಬೆಟ್ಟದ ಬಂಡೆಗಳ ಮೇಲೆ ಹೋಯಿತು. ಮುಂಗೊರಸುಗಳ ಸುತ್ತ ಒಂದು ಉಬ್ಬಿದ ಬಳೆ ಮೂಡಿತ್ತು. "ಅದು ಆ ಮೇ ತಿಂಗಳ ಗುರುತು" ಅಂದ ಫೆಸ್ಟಿ. "ಬೆಳೀತಾ ಬೆಳೀತಾ ಕೆಳಗಿಳಿದು ನೆಲ ಮುಟ್ಟಬೇಕು. ಅಲ್ಲೀತನಕ ನೀನು ದಿನಾ ಅದನ್ನ ನೋಡ್ಬೇಕು."

ಡೀಲಿಯಾ ದಿನಾ ನೋಡಿದಳು. ಹೊಲದ ಬಾಗಿಲನ್ನು ಸಬೀನಾಳ ಹಸುಗಳಿಗೆ ತೆರೆದುಕೊಟ್ಟಳು. ಹಸುವಿಗೆ ಆ ಹುಲ್ಲು ಅಮೃತ. ಸಬೀನಾ ಗೋಡೆಗೊರಗಿ, ಬೆಟ್ಟದ ಮೇಲಿನ ಸಿಸ್ಸಿಗೆ ಕೇಳುವಷ್ಟು ಗಟ್ಟಿಯಾಗಿ, "ನನ್ ಹಸೂನ ದೇವರು ಕಾಯಲಿ, ನಿನ್ ಬಡಕಲು ಕುದುರೇನ ದೇವರು ಕಾಯಲಿ, ಈ ಕಲ್ಲುಗೋಡೇನೂ ದೇವರು ಕಾಯಲಿ! ಸಾಕೇನೇ?" ಎಂದು ಕೂಗುತ್ತಿದ್ದಳು.

"ಸಾಕು ಬಾಯ್ಮುಚ್ಚೇ" ಅನ್ನುತ್ತಿದ್ದಳು ಡೀಲಿಯಾ.

ಮರುವರ್ಷ ಬೇಸಿಗೆಯ ಹೊತ್ತಿಗೆ ಬಳೆ ನೆಲ ಮುಟ್ಟಿತು. ಫೆಸ್ಟಿ ಕಾಲನ್ನು ತೊಡೆಗಾನಿಸಿ, ಬಾಗಿದ ಚೂರಿಯಿಂದ ಗೊರಸಿನ ಅಂಚನ್ನು ಹೆರೆದ. ಆ ಕೆಟ್ಟ ಬಳೆ ಬಿಲ್ಲೆಬಿಲ್ಲೆಯಾಗಿ ಉದುರಿತು. ಸಿಸ್ಸಿ ಕಾಲೂರಿ, ಕುಂಟದೆ, ಬಂಡೆ ಏರಿ ಹೋಯಿತು. ಗೊರಸು ಕಲ್ಲಿಗೆ ತಾಕುವ ಸದ್ದನ್ನು ಡೀಲಿಯಾ ಕೊನೆಯವರೆಗೂ ಕೇಳಿದಳು. ಆಮೇಲೆ ಉದುರಿದ ಚೂರುಗಳನ್ನೆಲ್ಲ ಏಪ್ರನ್ನಿನ ಮಡಿಲಿಗೆ ಆಯ್ದುಕೊಂಡು ಎದ್ದಳು.

"ಅದನ್ನೇನ್ ಮಾಡ್ತೀಯೇ?" ಎಂದ ಫೆಸ್ಟಿ.

ಅವಳು ಬಾಗಿಲು ದಾಟಿ, ಮೇಯುತ್ತಿದ್ದ ಹಸುಗಳ ನಡುವೆ ನಡೆದು, ಬಾರ್ಟ್ಲಿಯ ಹೊಲದ ನಡುಮಧ್ಯಕ್ಕೆ ಹೋಗಿ ಚೂರುಗಳನ್ನು ಮಣ್ಣಿಗೆ ಹಾಕಿ ಕಾಲಿನಿಂದ ತುಳಿದಳು. ಮನೆಯದು ಯಾವುದನ್ನೂ ಅವನು ಹೊಲಕ್ಕೆ ಹಾಕದೆ ಬಿಟ್ಟವನಲ್ಲ.