ಮಂಗಳವಾರದ ನವಿಲು

ನನ್ನ ಮಾಮ ಅಯ್ಯಾವು ತಮಿಳುನಾಡಿನ ಕಂಬಂ ಪಕ್ಕದ ಒಂದು ದ್ರಾಕ್ಷಿ ತೋಟದ ಕಾವಲುಗಾರ. ನಾನು ಉತ್ತಮಪಾಳಯಂನ ಪೈಪು ಅಂಗಡಿಯಲ್ಲಿ ಸಂಬಳಕ್ಕಿದ್ದೇನೆ. ನಾಳೆಯಿಂದ ಬೇಗ ಏಳಬೇಕೆಂದು ಪ್ರತಿ ಭಾನುವಾರ ಪ್ರತಿಜ್ಞೆ ಮಾಡಿ ಸೋಮವಾರ ಬಸ್ಸು ತಪ್ಪಿಸಿಕೊಳ್ಳುವ ಗಿರಾಕಿ. ಇಂಥವನು ಮಾಮನಿಗೆ ನಾಯಿಮರಿ ಪಳಗಿಸುವ ಪಾಠ ಹೇಳಿದೆ.

ಮಾಮನ ಮೊಣಕಾಲು ಸೋತಿತ್ತು. ಚಪ್ಪರವೇರಿ ಗೊಂಚಲು ಕುಕ್ಕುವ ನವಿಲುಗಳ ಹಿಂದೆ ಓಡಲಾಗುತ್ತಿರಲಿಲ್ಲ. ತೋಟ ಗುತ್ತಿಗೆ ಹಿಡಿದ ಪ್ರಭಾಕರನ್ ಮುಖಕ್ಕೇ ಹೇಳಿದ್ದ: "ಅಣ್ಣೇ, ಕಾಯಿ ಹಣ್ಣಾಗೋದ್ರೊಳಗೆ ನವಿಲು ನಿಲ್ಲಬೇಕು. ಇಲ್ಲಾಂದ್ರೆ ಬೇರೆ ಆಳು ಪಾತ್ಕೊತೀನಿ." ಈ ಕಾವಲು ಹೋದರೆ ಆ ಕಾಲಿಗೆ ಇನ್ಯಾರೂ ಕೆಲಸ ಕೊಡುವುದಿಲ್ಲ. ಅದಕ್ಕೇ ಒಂದು ಕಂದು ಮರಿ ತಂದ. ಹೆಸರು ವೀರನ್.

ನಾನು ಫೋನಿನಲ್ಲಿ ವಿಡಿಯೊ ನೋಡಿ ಪಂಡಿತನಾಗಿದ್ದೆ. "ಮಾಮಾ, ಒಂದೇ ರೂಲು. ನವಿಲು ಓಡ್ಸಿದ್ರೆ ಬಿಸ್ಕತ್ತು, ಮುದ್ದು. ದಿನಾ ಹಂಗೇ."

"ಸರಿ ಮಾಪ್ಳೆ, ನೀ ನಾಲ್ಕಕ್ಷರ ಪಡಿಚವನು," ಎಂದ ಮಾಮ.

ವೀರನ್ ಬಲು ಬೇಗ ಕಲಿಯಿತು. ನವಿಲಿನ ಕೂಗು ಕೇಳಿದರೆ ಸಾಕು, ಕಿವಿ ಹಾರಿಸಿಕೊಂಡು ಚಪ್ಪರದಡಿ ನುಗ್ಗುತ್ತಿತ್ತು. ಮಾಮ ಅದನ್ನು ಎದೆಗವುಚಿಕೊಳ್ಳುತ್ತಿದ್ದ.

ಆಮೇಲೆ ಮಂಗಳವಾರ ಬಂತು. ಅಂದು ಮಾಮನಿಗೆ ಮುರುಗನ ಉಪವಾಸ. ಅಂದು ನವಿಲು ಕಳ್ಳನಲ್ಲ, ಸ್ವಾಮಿಯ ವಾಹನ. ಅಭ್ಯಾಸದಂತೆ ಓಡಿದ ಮರಿಗೆ ಬೆತ್ತದಿಂದ ಎರಡು ಬಿಗಿದ. ನವಿಲಿಗೆ ಸಜ್ಜೆ ಚೆಲ್ಲಿದ.

ಅತ್ತೆ ಮುತ್ತಮ್ಮಾಳ್ ಸುಮ್ಮನಿರಲಿಲ್ಲ. "ನಿನ್ನೆ ಬಿಸ್ಕತ್ತು, ಇವತ್ತು ಏಟು. ಅದೇನು ಪಂಚಾಂಗ ಪಡಿಚಿದ್ಯಾ?"

"ಸಾಮಿ ವಾಹನನ ನಾಯಿ ಬುಟ್ಟು ಕಚ್ಚುಸ್ಲಾ?"

"ಹಂಗಾರೆ ದಿನಾ ತಿನ್ನಕ್ ಬುಡು."

"ದಿನಾ ಬುಟ್ರೆ ಕಂಜಿಗೆ ಏನ್ಮಾಡ್ಲಿ?"

"ಮಂಗಳವಾರ ಕಟ್ಟಾಕು ಮಾಮಾ," ಎಂದೆ ನಾನು.

"ಕಟ್ಟಾಕಿದ್ರೆ ಗೊಂಚಲು ಕದಿಯೋನ್ನ ನೀ ಬಂದು ಹಿಡೀತೀಯಾ? ಬಸ್ಸೇ ಹಿಡಿಯಕ್ಕಾಗಲ್ಲ ನಿಂಗೆ."



ಮರಿ ಅನುಮಾನಿಸತೊಡಗಿತು. ಅರ್ಧ ಓಡಿ, ನಿಂತು, ಮಾಮನ ಮುಖ ನೋಡುವುದು. ಅಷ್ಟರಲ್ಲಿ ಒಂದು ಗೊಂಚಲು ಹಾಳು. ಮಾಮ ಹೆದರಿದ. ಹೆದರಿದವನು ಏನು ಮಾಡಬೇಕು? ನವಿಲು ಬಾರದಿರಲೆಂದು ಮುರುಗನಿಗೇ ಹರಕೆ ಹೊತ್ತ. ಶುಕ್ರವಾರವೂ ಉಪವಾಸ. ನವಿಲು ಹೆಚ್ಚಾದವು. ಕೃತ್ತಿಕೆಗೂ, ಷಷ್ಠಿಗೂ ಉಪವಾಸ. ಹರಕೆ ಹೆಚ್ಚಾದಷ್ಟೂ ಓಡಿಸಬಾರದ ದಿನಗಳು ಹೆಚ್ಚಾದವು. ಲೆಕ್ಕ ನನಗೆ ಕಾಣುತ್ತಿತ್ತು, ಅತ್ತೆಗೂ ಕಾಣುತ್ತಿತ್ತು. ಹೇಳಿದರೆ ಮಾಮ, "ಸಾಮಿ ಮೇಲೆ ನಂಬಿಕೆ ಇಲ್ದೆ ಕೆಟ್ರಿ," ಎನ್ನುತ್ತಿದ್ದ.

ಹಣ್ಣು ಕಪ್ಪಾಗುವ ಹೊತ್ತಿಗೆ ನವಿಲು ಕೂಗಿದರೆ ವೀರನ್ ಶೆಡ್ಡಿನ ಮಂಚದಡಿ ಸೇರುತ್ತಿತ್ತು. ನವಿಲುಗಳು ಅದರೆದುರೇ ತಮ್ಮ ಮರಿಗಳೊಡನೆ ಹಾದುಹೋಗುತ್ತಿದ್ದವು.

ಪ್ರಭಾಕರನ್ ಒಂದು ಕೆಟ್ಟ ಮಾತೂ ಆಡಲಿಲ್ಲ. ಹೊಸ ಆಳನ್ನು ಬೈಕಿನ ಹಿಂದೆ ಕೂರಿಸಿಕೊಂಡೇ ಬಂದಿದ್ದ. "ಶೆಡ್ಡು ಸಾವಿ ಕೊಡಣ್ಣೇ," ಎಂದು ಬೀಗದ ಕೈಗೆ ಕೈ ಚಾಚಿದ. ಮಾಮ ಕೊಟ್ಟ.

ಮರುದಿನ ಹೋದಾಗ ಮಾಮ ಮನೆಯ ಜಗುಲಿಯಲ್ಲಿ ಕೂತಿದ್ದ. ಹಣೆಯಲ್ಲಿ ಎಂದಿನ ವಿಭೂತಿ ಇರಲಿಲ್ಲ. ಮೂಲೆಯಲ್ಲಿದ್ದ ಮರಿಯನ್ನು ಕರೆದು, ತಲೆ ಸವರಲು ಕೈಯೆತ್ತಿದ. ಅದು ಹೊಟ್ಟೆ ನೆಲಕ್ಕೊತ್ತಿ ಅಲ್ಲೇ ಉಚ್ಚೆ ಹೊಯ್ದುಕೊಂಡಿತು.

"ಇವತ್ತು ಬುಧವಾರ ಕಣೋ," ಎಂದ ಮಾಮ, ಮೆಲ್ಲಗೆ. "ಹೊಡಿಯಲ್ಲ."

ವೀರನ್ ಕಣ್ಣು ಮುಚ್ಚಿಕೊಂಡಿತು.