ವಾರ್ಡರ್ ಜೊತೆ ನೋಡಿದ ಜೈಲಿನ ಧಾರಾವಾಹಿ

ಕುಂಬಳೆ–ಪುತ್ತಿಗೆ ದಾರಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ ಒಮ್ಮೆ ಫುಟ್‌ಬೋರ್ಡಿನಿಂದ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಎರಡು ತಿಂಗಳು ಪ್ಲಾಸ್ಟರ್. ದಿನವಿಡೀ ನಿಂತೇ ಇರುತ್ತಿದ್ದವನಿಗೆ ಮಲಗಿ ಅಭ್ಯಾಸವಿಲ್ಲ. ರಸ್ತೆಯಲ್ಲಿ ಹಾರ್ನ್ ಕೇಳಿದರೆ ಸಾಕು, ಅದು ಯಾವ ಬಸ್ಸು, ಎಷ್ಟು ಲೇಟು ಎಂದು ಹೇಳಿ ಹೆಂಡತಿಯ ತಲೆ ತಿನ್ನುತ್ತಿದ್ದೆ. ಕೊನೆಗೆ, ಗಲ್ಫಿನಿಂದ ರಜೆಗೆ ಬಂದಿದ್ದ ಅವಳ ತಮ್ಮ ಒಂದು ಕಟ್ಟು ಡಿವಿಡಿ ತಂದುಕೊಟ್ಟ. ಜೈಲಿನಿಂದ ತಪ್ಪಿಸಿಕೊಳ್ಳುವ ಇಂಗ್ಲಿಷ್ ಧಾರಾವಾಹಿ.

ಮಾತು ಅರ್ಧವೂ ಅರ್ಥವಾಗುತ್ತಿರಲಿಲ್ಲ. ಆದರೂ ಗೋಡೆ ಕೊರೆಯುವವನ ಹಿಂದೆ ಬೂಟಿನ ಸಪ್ಪಳ ಕೇಳಿದಾಗ ಪ್ಲಾಸ್ಟರಿನೊಳಗೆ ಕಾಲು ತುಡಿಯುತ್ತಿತ್ತು.

ನೆರೆಮನೆಯಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹಿರಿಯರೊಬ್ಬರಿದ್ದರು. ಪೊರ್ಬುಗಳು ಎಂದೇ ನಾವು ಕರೆಯುವುದು. ಜೈಲಿನಲ್ಲಿ ವಾರ್ಡರ್ ಆಗಿ ನಿವೃತ್ತರಾದವರು. ನನ್ನನ್ನು ನೋಡಲು ಬಂದವರು ಟಿವಿ ಮುಂದೆ ಕುಳಿತರು.

"ಎಂತ ಮಾರಾಯ ಇದು? ಸಂಜೆ ತಲೆ ಎಣಿಸುವಾಗ ಸಿಕ್ಕಿಬೀಳುವುದಿಲ್ಲವಾ?" ಎಂದು ತಪ್ಪು ಹುಡುಕಿದರು. ಮರುದಿನ ಊಟವಾದ ಕೂಡಲೇ ಬಂದರು. ಅದರ ಮರುದಿನ ಊಟಕ್ಕೆ ಮೊದಲೇ.

ಒಂದು ಮಧ್ಯಾಹ್ನ, ಟಿವಿಯಲ್ಲಿ ಕಾವಲುಗಾರ ಆ ತೂತಿನ ಹತ್ತಿರವೇ ಬಂದು ನಿಂತಾಗ ಅವರು ಎದ್ದುಬಿಟ್ಟರು. "ಸ್ವಲ್ಪ ನಿಲ್ಲಿಸು" ಎಂದು ಜಗಲಿಯಲ್ಲಿ ಆಚೀಚೆ ನಡೆದರು.

"ನನ್ನ ಡ್ಯೂಟಿಯಲ್ಲಿ ಒಬ್ಬ ಓಡಿದ್ದ," ಎಂದರು. "ತೋಟದ ಕೆಲಸಕ್ಕೆ ಬಿಟ್ಟಾಗ. ಹುಚ್ಚನ ಹಾಗೆ ಹುಡುಕಿದೆ. ಮರುದಿನ ಅವನ ತಾಯಿಯ ಮನೆಯಲ್ಲೇ ಸಿಕ್ಕಿದ. ಊಟಕ್ಕೆ ಕುಳಿತಿದ್ದ."

"ಮತ್ತೆ?"

"ಉಂಡು ಏಳಲಿ ಎಂದು ತಾಯಿ ಕೇಳಿಕೊಂಡರು. ನಾನು ಬಿಡಲಿಲ್ಲ. ಎಂಜಲು ಕೈಯಲ್ಲೇ ಎಳೆದುಕೊಂಡು ಬಂದೆ. ಐದು ನಿಮಿಷ ಕೊಡಬಹುದಿತ್ತು."

ಹೆಂಡತಿ ತಂದ ಚಹಾವನ್ನು ಅರ್ಧ ಕುಡಿದು ಹೊರಟುಹೋದರು.

ಮೂರು ದಿನ ಬರಲಿಲ್ಲ. ಮುಂದಿನ ಡಿಸ್ಕ್ ಹಾಕಲು ಕೈ ಕಡಿಯುತ್ತಿತ್ತು, ಹಾಕಲಿಲ್ಲ. ನಾಲ್ಕನೆಯ ದಿನ ಅಂಗಳದಿಂದಲೇ ಕೇಳಿದರು, "ಅವರು ಹೊರಗೆ ಹೋದರಾ?"

"ನೀವಿಲ್ಲದೆ ನೋಡಲಿಲ್ಲ."

"ಹಾಗಾದರೆ ಹಾಕು."

ಕೈದಿಗಳು ಒಬ್ಬೊಬ್ಬರೇ ಗೋಡೆ ದಾಟುವಾಗ ಪೊರ್ಬುಗಳು ನನ್ನ ಮಣಿಕಟ್ಟು ಹಿಡಿದಿದ್ದರು. ಕಾವಲು ಗೋಪುರದ ದೀಪ ಇತ್ತ ತಿರುಗಿದಾಗ ಹಿಡಿತ ಬಿಗಿಯಾಯಿತು. ಬಿಟ್ಟ ಮೇಲೂ ಬೆರಳಿನ ಗುರುತು ಉಳಿದಿತ್ತು.

ಧಾರಾವಾಹಿ ಮುಗಿಯುವ ಮೊದಲೇ ನನ್ನ ಪ್ಲಾಸ್ಟರ್ ತೆಗೆದರು. ಮರುವಾರವೇ ಕೆಲಸಕ್ಕೆ ಹೋದೆ. ಉಳಿದದ್ದನ್ನು ಪೊರ್ಬುಗಳು ನನ್ನ ಹೆಂಡತಿಯ ಜೊತೆ ಕುಳಿತು ನೋಡಿದರು. ಕತೆ ಹೇಳುವುದಕ್ಕೆಂದೇ ಬೆಳಿಗ್ಗೆ ನನ್ನ ಬಸ್ಸು ಹತ್ತುತ್ತಿದ್ದರು. ಟಿಕೆಟ್ ಕೊಡುವ ಗಡಿಬಿಡಿಯಲ್ಲಿ ಕತೆ ಕುಂಬಳೆ ತಲುಪಿದರೂ ಮುಗಿಯುತ್ತಿರಲಿಲ್ಲ. ಅವರು ಅಲ್ಲಿ ಇಳಿಯದೆ, ಅದೇ ಸೀಟಿನಲ್ಲಿ ಕುಳಿತು ಹೇಳುತ್ತಲೇ ವಾಪಸು ಬರುತ್ತಿದ್ದರು.