ಮೆಟ್ಟಿಲಿದ್ದ ಜೀಪು

ಬಲಗಾಲನ್ನು ಒನಕೆಯ ಹಾಗೆ ನೆಟ್ಟಗೆ ಚಾಚಿ, ಮಂಡಿಯನ್ನು ಒಂದಿಷ್ಟೂ ಮಡಿಸದೆ, ಎರಡು ಕೈಯಲ್ಲೂ ಬಾಗಿಲ ಚೌಕಟ್ಟು ಹಿಡಿದು ಅವರು ಗಾಡಿ ಹತ್ತುತ್ತಿದ್ದರು. ಮುಖ ಕೆಂಪಗಾಗಿ ಕತ್ತಿನ ನರ ಉಬ್ಬುತ್ತಿತ್ತು. ಹಳೆ ಗಾಡಿ ಮಾರುವವನು ಕೈಕೊಡಲು ಓಡಿಬಂದರೆ ಬೇಡವೆಂದು ತಲೆಯಾಡಿಸುವರು. ಇಳಿದ ಮೇಲೆ ನೋಡಿದರೆ ಎರಡು ಕಾಲೂ ಸರಿಯಾಗೇ ಇವೆ! ಠೀವಿಯಿಂದ ಮುಂದಿನ ಗಾಡಿಯತ್ತ ನಡೆದು ಮತ್ತೆ ಅದೇ ಕುಂಟಾಟ. ಇವರಿಗೆ ತಲೆ ಕೆಟ್ಟಿದೆ ಎಂದು ಆ ಮಾರುವವನಿಗೆ ಅನ್ನಿಸಿರಬೇಕು. ನನಗಂತೂ ಅನ್ನಿಸಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಮೆರಿಕದ ಡರ್ಹಮ್ಮಿನಲ್ಲಿ ನಮ್ಮಂಥ ಕನ್ನಡದವರು ಬೆರಳೆಣಿಕೆಯಷ್ಟು ಮನೆ, ಅಷ್ಟೂ ಸೊಪ್ಪುಸಾರಿನವರು. ಅವರೊಬ್ಬರೇ ಕೊಡಗಿನವರು, ಮೈಸೂರಿನಲ್ಲಿ ಓದಿ ಬಂದ ಡಾಕ್ಟರು. ಮದುವೆಯಾಗಿರಲಿಲ್ಲ. ಊರಾಚೆ, ಹಿಂದೆ ಹೊಗೆಸೊಪ್ಪು ಬೆಳೆಯುತ್ತಿದ್ದ ಒಂದು ತುಂಡು ಜಮೀನು ಕೊಂಡಿದ್ದರು. ಸೌದೆ ಹೇರಲು, ಬೇಲಿ ಕಂಬ ಸಾಗಿಸಲು, ಚಳಿಗಾಲದಲ್ಲಿ ಜಿಂಕೆ ಬೇಟೆಗೆ ಹೋಗಲು ಅವರಿಗೊಂದು ಗಾಡಿ ಬೇಕಿತ್ತು. ನನ್ನ ಯಜಮಾನರು ಲ್ಯಾಬ್ ಬಿಟ್ಟರೆ ಮನೆ, ಮನೆ ಬಿಟ್ಟರೆ ಲ್ಯಾಬ್. ಹಾಗಾಗಿ ಶನಿವಾರ ಬಂದರೆ ಡಾಕ್ಟರ ಜೊತೆ ಗಾಡಿ ನೋಡಲು ಹೋಗುವುದೇ ನನಗೆ ಜಾತ್ರೆ.

ಅವರಿಗೆ ಯಾವುದೂ ಒಪ್ಪಿಗೆಯಾಗುತ್ತಿರಲಿಲ್ಲ. ಕೆಸರಿನಲ್ಲಿ ಹೂತುಕೊಳ್ಳದ ಗಾಡಿಗಳೆಲ್ಲ ಎತ್ತರ, ತಗ್ಗಿನವು ಮೊದಲ ಹಳ್ಳದಲ್ಲೇ ಕೂರುವಂಥವು. "ಈ ಗಾಡಿ ಎಂಥ ಗುಡ್ಡ ಬೇಕಾದ್ರೂ ಹತ್ತತ್ತೆ ಅಂತಾನೆ. ಗಾಡಿಯೊಳಗೆ ಯಾರು ಹತ್ತಬೇಕು ಅಂತ ಮಾತ್ರ ಕೇಳಲ್ಲ," ಎಂದು ಗೊಣಗುವರು. ಕೊನೆಗೊಂದು ಹಳೆಯ, ಬಾಗಿಲಿಲ್ಲದ ಜೀಪು ಕೊಂಡು, ಬೆಸುಗೆಯವನನ್ನು ಹಿಡಿದು ಪಕ್ಕಕ್ಕೊಂದು ಕಬ್ಬಿಣದ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಸರಳು ಹಾಕಿಸಿದರು. ಮೆಟ್ಟಿಲು ಎತ್ತರವಾಯಿತೆಂದು ಬಿಚ್ಚಿಸಿ ಮತ್ತೆ ಹಾಕಿಸಿದರು.

"ಏನು ಡಾಕ್ಟ್ರೇ, ಇದು ಜೀಪೋ ದೇವರ ಮಂಟಪವೋ?" ಎಂದು ರೇಗಿಸಿದೆ.

ಅವರು ನಗಲಿಲ್ಲ. "ನನ್ನ ತಮ್ಮನಿಗಮ್ಮ. ಅವನ ಬಲಗಾಲು ಮಡಿಸೋಕಾಗಲ್ಲ. ಹೊಡೆದಿದ್ದು ನಾನೇ," ಎಂದರು.

ಹುಡುಗಾಟದ ವಯಸ್ಸಿನಲ್ಲಿ, ಊರಲ್ಲಿ ಬೇಟೆಗೆ ಹೋದಾಗ ನಡೆದದ್ದು. ಪ್ರಾಣಿ ಕಣ್ಣಿಗೆ ಬೀಳುವವರೆಗೆ ಗುಂಡು ಹಾರಿಸಬಾರದೆಂದು ಹಿರಿಯರು ಹೇಳಿಯೇ ಕಳಿಸಿದ್ದರು. ಲಂಟಾನ ಪೊದೆ ಅಲ್ಲಾಡಿತು, ಇವರು ಹಾರಿಸಿಬಿಟ್ಟರು. ಪೊದೆಯ ಹಿಂದೆ ಇದ್ದವನು ತಮ್ಮ. ಅವರ ಕಡೆ ಬೇಟೆಗೆ ಜೊತೆಯಲ್ಲಿ ಹೋದ ಪ್ರತಿಯೊಬ್ಬರಿಗೂ ಮಾಂಸದಲ್ಲಿ ಪಾಲುಂಟು, ನಾಯಿಗೂ ಉಂಟು. ಆ ದಿನ ಬೇರೆಯವರ ಗುಂಡಿಗೆ ಹಂದಿ ಬಿದ್ದಿತ್ತು. ತನ್ನನ್ನು ಮಂಚದ ಮೇಲೆ ಹೊತ್ತುಕೊಂಡು ಹೋಗುವಾಗ ತಮ್ಮ, ಅಣ್ಣನನ್ನು ನಗಿಸಲೆಂದೇ, "ನನ್ನ ಪಾಲೆಲ್ಲಿ?" ಎಂದು ಕೇಳಿದನಂತೆ. "ಬೈದಿದ್ರೆ ಆಗಿತ್ತು. ಒಂದು ಸಲಾನೂ ಬೈಲಿಲ್ಲ ನನ್ನ," ಎಂದರು ಡಾಕ್ಟರು.

ತಮ್ಮನನ್ನು ಇಲ್ಲಿಗೆ ಕರೆಸಬೇಕು, ಒಂದೇ ಒಂದು ಸಲ ಪಕ್ಕದಲ್ಲಿ ಕೂರಿಸಿಕೊಂಡು ಬೇಟೆಗೆ ಹೋಗಬೇಕು. ಅವರ ಬಾಳಿಗೆ ಬೇರೆ ಆಸೆಯೇ ಇದ್ದಂತಿರಲಿಲ್ಲ. ಆದರೆ ಇಲ್ಲಿ ಜಿಂಕೆ ಬೇಟೆಗೆ ಅನುಮತಿ ಸಿಗುವ ತಿಂಗಳಿನಲ್ಲೇ ಅಲ್ಲಿ ಕಾಫಿ ಕುಯ್ಲು. ಟ್ರಂಕ್ ಕಾಲ್ ಮಾಡಿದಾಗಲೆಲ್ಲ ತಮ್ಮನದು ಒಂದೇ ಮಾತು: "ಈ ಕುಯ್ಲು ಮುಗೀಲಿ ಅಣ್ಣ, ಬರ್ತೀನಿ."

ಖಾಲಿ ಬಿದ್ದಿದ್ದ ಆ ಪಕ್ಕದ ಸೀಟಿನಲ್ಲಿ ಕೂತು ನೋಡಿಕೊಂಡು, ಆಮೇಲೆ ಚಾಲಕರ ಸೀಟಿಗೆ ಸರಿದು ಡ್ರೈವಿಂಗ್ ಕಲಿತವಳು ನಾನು. ಸೀರೆಯ ನೆರಿಗೆ ಕ್ಲಚ್ಚಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅಮ್ಮನ ನೆನಪಾಗಿ ಒಮ್ಮೆ ಸ್ಟಿಯರಿಂಗ್ ಹಿಡಿದೇ ಅತ್ತುಬಿಟ್ಟೆ. "ಅಳು ಬಂದ್ರೆ ರೋಡಿನ ಪಕ್ಕಕ್ಕೆ ನಿಲ್ಲಿಸಿ ಅಳಿ. ಡ್ರೈವ್ ಮಾಡ್ತಾ ಅಳಬೇಡಿ," ಎಂದರು, ಔಷಧಿ ಬರೆದುಕೊಡುವ ದನಿಯಲ್ಲಿ. ಬೇಟೆಯ ದಿನ ಕಾಡಂಚಿನವರೆಗೆ ಜೀಪು ಓಡಿಸಿದ್ದಕ್ಕೆ ನನಗೂ ಪಾಲು ಬಂತು. ನಾವು ತಿನ್ನದವರಾದ್ದರಿಂದ ಮಾಂಸದ ಬದಲು ನಮ್ಮ ಬಾಗಿಲಲ್ಲಿ ಒಂದು ಕುಂಬಳಕಾಯಿ. ಜೊತೆಗೆ ಬಂದವರಿಗೆ ಕೊಡದಿದ್ದರೆ ಬೇಟೆ ಬೇಟೆಯೇ ಅಲ್ಲವಂತೆ.

ಒಂದು ಕುಯ್ಲಿನ ನಡುವೆ ಅಲ್ಲಿಂದಲೇ ಫೋನ್ ಬಂತು. ಜ್ವರವೆಂದು ಮಲಗಿದ್ದ ತಮ್ಮ ಏಳಲಿಲ್ಲ.

ಡಾಕ್ಟರು ಅಳಲಿಲ್ಲ. ಅತ್ತಿದ್ದರೆ ನಮಗೆ ಅಷ್ಟು ಭಯವಾಗುತ್ತಿರಲಿಲ್ಲ. ಕೋವಿ ಎಣ್ಣೆ ಕಾಣದೆ ಮೂಲೆ ಸೇರಿತು. ಜಮೀನಿನ ತುಂಬ ಕಳೆ ಬೆಳೆಯಿತು. ಸಾರು ತೆಗೆದುಕೊಂಡು ಹೋದರೆ ಬಾಗಿಲು ತೆಗೆಯುವರು, ಪಾತ್ರೆ ಇಸಿದುಕೊಳ್ಳುವರು, ಮತ್ತೆ ಬಾಗಿಲು ಹಾಕಿಕೊಳ್ಳುವರು. "ಯಾರಿಗೇಂತ ತಗೊಂಡೆ ಈ ಗಾಡಿ?" ಎಂದು ಒಮ್ಮೆ ಕೇಳಿದರು. ಕಾಲವೇ ಎಲ್ಲ ಮರೆಸುತ್ತದೆಂದು ಯಜಮಾನರು ಸಮಾಧಾನ ಹೇಳಿದರು. ಅದು ಸುಳ್ಳೆಂದು ಹೇಳಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು.

ಮರುವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಉಳಿಯಿತು, ಬಲಗಾಲು ಮರಗಟ್ಟಿತು. ಆಸ್ಪತ್ರೆಯಿಂದ ಮನೆಗೆ ಕರೆತರಲು ಹೊರಟಾಗ ನಮ್ಮ ಕಾರು ಬೇಡ, ಜೀಪೇ ಬರಲಿ ಎಂದು ಹಟ ಹಿಡಿದರು. ನಾನೇ ಓಡಿಸಿಕೊಂಡು ಹೋದೆ. ಸರಳು ಹಿಡಿದು, ಆ ಕಾಲನ್ನು ನೆಟ್ಟಗೆ ಚಾಚಿ ಮೆಟ್ಟಿಲ ಮೇಲಿಟ್ಟು, ತಮ್ಮನ ಸೀಟಿನಲ್ಲಿ ಕೂತರು. ಯಾರೂ ಕೈಕೊಡಬೇಕಾಗಲಿಲ್ಲ.

ಊರು ದಾಟಿದ ಮೇಲೆ ಮೆಲ್ಲಗೆ ಹೇಳಿದರು: "ಮೆಟ್ಟಿಲು ಸರಿಯಾಗೇ ಇದೆಯಮ್ಮ. ಅವನು ಸುಲಭವಾಗಿ ಹತ್ತಿಬಿಡ್ತಿದ್ದ."

ನಾನು ಜೀಪನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ. ಅವರು ಮೊದಲ ಸಲ ಅತ್ತರು.

ಆ ಚಳಿಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ಅವರ ಕಡೆಯವರೆಂದು ಇಲ್ಲಿ ಯಾರೂ ಇರಲಿಲ್ಲ, ಅಂತ್ಯಕ್ರಿಯೆಯನ್ನೆಲ್ಲ ನಾವೇ ಮಾಡಿ ಮುಗಿಸಿದೆವು. ಹಿಂತಿರುಗುವಾಗ ಜೀಪು ಓಡಿಸಿದವಳು ನಾನೇ. ಮನೆ ಹತ್ತಿರವೇ ಇತ್ತು. ಆದರೂ ದಾರಿಯುದ್ದಕ್ಕೂ ಮತ್ತೆ ಮತ್ತೆ ಪಕ್ಕಕ್ಕೆ ನಿಲ್ಲಿಸಬೇಕಾಯಿತು.